ಮೆಣಸಿನಕಾಯಿ ಚೀಲದ ಬೆನ್ನು ಹತ್ತಿ: 6ರಿಂದ 8ನೇ ತರಗತಿಯ ಮಕ್ಕಳಿಗೆ ವೃತ್ತಿ ಪರಿಚಯ

ಹಿರಿಯ ಪ್ರಾಥಮಿಕ ತರಗತಿಗಳಲ್ಲಿ ‘ಮುಂದೆ ಏನಾಗ್ತೀ?’ ಎಂದು ನಾನು ಕೇಳುವುದಿಲ್ಲ. ಕೇಳಿದರೆ ಡಾಕ್ಟರ್, ಎಂಜಿನಿಯರ್, ಪೊಲೀಸ್, ಟೀಚರ್, ಸೈನಿಕ, ಐಎಎಸ್. ಅಲ್ಲಿಗೆ ಪಟ್ಟಿ ಮುಗಿಯಿತು. ಈ ವಯಸ್ಸಿನಲ್ಲಿ ಮಕ್ಕಳು ಕಲಿಯಬೇಕಾದದ್ದು ಕಣ್ಣೆದುರಿನ ಕೆಲಸಗಳನ್ನು ನೋಡುವುದನ್ನು. ಗೊತ್ತಿಲ್ಲದೆ ಯಾವ ದಾರಿಯೂ ಮುಚ್ಚಿಹೋಗದಂತೆ ಕಾಯುವುದು ದೊಡ್ಡವರ ಪಾಲು. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರದ ಬೆಳಗಿನ ಹೊತ್ತು ಇದಕ್ಕೆ ಸಾಕು. ಜೊತೆಗೆ ಗಣಿತದ ಒಂದೆರಡು ಅವಧಿ ಸಿಕ್ಕರೆ ಇನ್ನೂ ಅನುಕೂಲ.

ಶುರು ಮಾಡುವುದು ಊರಿನ ಒಂದೇ ಸರಕಿನಿಂದ. ಬ್ಯಾಡಗಿ ಸುತ್ತಮುತ್ತ ಆದರೆ ಮೆಣಸಿನಕಾಯಿ, ಶಿರಸಿ ಕಡೆ ಅಡಿಕೆ, ಇಳಕಲ್ಲಿನಲ್ಲಿ ಸೀರೆ, ಮಲ್ಪೆಯಲ್ಲಿ ಮೀನು, ರಾಮನಗರದಲ್ಲಿ ರೇಷ್ಮೆಗೂಡು. ನಾಲ್ಕು ಚಾರ್ಟ್ ಹಾಳೆ ಉದ್ದಕ್ಕೆ ಅಂಟಿಸಿ ಎಡತುದಿಯಲ್ಲಿ ಬೀಜ, ಬಲತುದಿಯಲ್ಲಿ ಊಟದ ತಟ್ಟೆ ಬರೆಯುತ್ತೇನೆ. ನಡುವೆ ಚೀಲ ಎಲ್ಲೆಲ್ಲಿ ನಿಂತಿತು, ಅಲ್ಲಿ ಯಾರು ಏನು ಮಾಡಿದರು ಎಂಬುದನ್ನು ಮಕ್ಕಳು ತುಂಬುತ್ತಾರೆ. ಮೊದಲ ಸುತ್ತಿಗೆ ರೈತ, ಕೂಲಿಯವರು, ಟೆಂಪೋ ಡ್ರೈವರ್, ಹಮಾಲ, ದಲಾಲ ಬರುತ್ತಾರೆ. ಆಮೇಲೆ ತಡವರಿಸಿ ‘ಫ್ಯಾಕ್ಟರಿಯವರು’ ಎನ್ನುತ್ತಾರೆ. ಅಲ್ಲಿ ಬಿಡಬಾರದು. ‘ಫ್ಯಾಕ್ಟರಿಯವರು ಅಂದ್ರ ಯಾರು? ಅವರ ಕೈಯಾಗ ಏನೈತಿ?’ ಎಂದು ಕೆದಕಿದರೆ ತೊಟ್ಟು ಬಿಡಿಸುವ ಹೆಂಗಸರು, ತೂಕದವರು, ಎಪಿಎಂಸಿಯ ಇ-ಟೆಂಡರ್ ಕಂಪ್ಯೂಟರ್ ಮುಂದೆ ಕೂತವರು, ಕೋಲ್ಡ್ ಸ್ಟೋರೇಜಿನ ಕಂಪ್ರೆಸರ್ ನೋಡಿಕೊಳ್ಳುವ ಮೆಕ್ಯಾನಿಕ್, ಲ್ಯಾಬಿನಲ್ಲಿ ಕಾಯಿಯ ಬಣ್ಣದ ಅಂಶ ಅಳೆಯುವ ರಸಾಯನಶಾಸ್ತ್ರದವರು, ಜಿಎಸ್‌ಟಿ ಬಿಲ್ ಬರೆಯುವ ಅಕೌಂಟೆಂಟ್, ಪಾಕೀಟಿನ ಚಿತ್ರ ಬಿಡಿಸಿದವರು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಬ್ಯಾಡಗಿ ಕಾಯಿಯಿಂದ ತೆಗೆದ ಓಲಿಯೊರೆಸಿನ್ (ಕಾಯಿಯ ಬಣ್ಣವಿರುವ ಗಟ್ಟಿ ಸಾರ) ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂದರೆ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಪಟ್ಟಿ ಮೂವತ್ತು ದಾಟದಿದ್ದರೆ ಪ್ರಶ್ನೆಗಳು ಕಮ್ಮಿಯಾಗಿವೆ ಎಂದೇ ಲೆಕ್ಕ.

ಚಾರ್ಟ್ ತುಂಬಿದ ಮೇಲೆ, ಚರ್ಚೆಗೆ ಮೊದಲು, ಪ್ರತಿ ಮಗುವಿಗೂ ಒಂದು ಚೀಟಿ. ಯಾವ ಕೆಲಸ ಗಂಡಸರದು, ಯಾವುದು ಹೆಂಗಸರದು, ಯಾವುದು ಇಬ್ಬರದೂ ಎಂದು ಮಾತಾಡದೆ ಗುರುತು ಹಾಕಬೇಕು. ಹೆಸರು ಬರೆಯುವಂತಿಲ್ಲ, ಬರೆಸಿದರೆ ಮಕ್ಕಳು ಟೀಚರಿಗೆ ಹಿಡಿಸುವ ಉತ್ತರ ಬರೆಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಗಾಟ್‌ಫ್ರೆಡ್ಸನ್ 1981ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಆರರಿಂದ ಎಂಟರ ವಯಸ್ಸಿನಲ್ಲೇ ಮಕ್ಕಳು ಗಂಡು-ಹೆಣ್ಣು ಎಂಬ ಲೆಕ್ಕದಲ್ಲಿ ಕೆಲವು ಕೆಲಸಗಳನ್ನು ಮನಸ್ಸಿನಿಂದ ತೆಗೆದುಹಾಕಿರುತ್ತಾರೆ. ಒಂಬತ್ತರಿಂದ ಹದಿಮೂರರೊಳಗೆ ಅಂತಸ್ತಿನ ಲೆಕ್ಕ ಸೇರಿಕೊಳ್ಳುತ್ತದೆ. ಅಂದರೆ ನಮ್ಮ ಕೈಗೆ ಬರುವ ಹೊತ್ತಿಗೆ ಅರ್ಧ ಪಟ್ಟಿಗೆ ಕಾಟು ಬಿದ್ದಿರುತ್ತದೆ. ಚೀಟಿ ಎಣಿಸಿ ಬೋರ್ಡಿನ ಮೇಲೆ ಅಂಕಿ ಬರೆಯುವುದಷ್ಟೇ ನನ್ನ ಕೆಲಸ, ಭಾಷಣ ಇಲ್ಲ. ಮುಂದಿನ ಶನಿವಾರ ಕರೆಯುವವರನ್ನು ಆ ಅಂಕಿ ನೋಡಿ ಆರಿಸುತ್ತೇನೆ: ಬಸ್ ಕಂಡಕ್ಟರ್ ಅಕ್ಕ, ಆಸ್ಪತ್ರೆಯ ನರ್ಸ್ ಅಣ್ಣ, ಸಿಕ್ಕರೆ ಕಂಬ ಹತ್ತುವ ಪವರ್‌ಮ್ಯಾನ್ ಹುದ್ದೆಯಲ್ಲಿರುವ ಹೆಣ್ಣುಮಗಳು.

ಬಂದವರಿಗೆ ಮೈಕು ಕೊಡಬಾರದು. ಕೊಟ್ಟರೆ ‘ಕಷ್ಟಪಟ್ಟು ಓದಿ’ ಎಂಬಲ್ಲಿಗೆ ಮಾತು ಹೋಗುತ್ತದೆ. ಅವರ ಕೆಲಸದ ಒಂದು ಸಾಮಾನು ತರಲು ಮೊದಲೇ ಹೇಳಿರಬೇಕು (ಟಿಕೆಟ್ ಮಷಿನ್, ಟೆಸ್ಟರ್, ಬಿಪಿ ನೋಡುವ ಯಂತ್ರ), ಉಳಿದದ್ದು ಮಕ್ಕಳ ಪ್ರಶ್ನೆಗೆ ಬಿಡಬೇಕು. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸಿರುತ್ತೇನೆ: ಅಕ್ಕಾರ, ಬೆಳಿಗ್ಗೆ ಎಷ್ಟೊತ್ತಿಗೆ ಮನೆ ಬಿಡ್ತೀರಿ? ನಿನ್ನೆ ಮೊದಲು ಮಾಡಿದ ಕೆಲಸ ಯಾವುದು? ಬ್ಯಾಸರ ಆಗೋ ಭಾಗ ಯಾವುದು? ತಪ್ಪಾದ್ರ ಏನಾಗ್ತದ? ಇದನ್ನ ಯಾರ ಹತ್ರ ಕಲಿತ್ರಿ, ಎಷ್ಟು ದಿನ ಹಿಡೀತು? ಶಾಲ್ಯಾಗ ಕಲಿತದ್ದು ಯಾವುದು ಉಪಯೋಗಕ್ಕ ಬಂತು?

‘ಪಗಾರ ಎಷ್ಟು?’ ಮಾತ್ರ ಬೇಡ. ಕೇಳಿಸಿಕೊಂಡವರಿಗೆ ಮುಜುಗರ, ಬರುವ ಉತ್ತರವೂ ಸುಳ್ಳು. ದರ ಕೇಳಬೇಕು, ಖರ್ಚು ಕೇಳಬೇಕು; ಆದಾಯವನ್ನು ಮಕ್ಕಳೇ ಲೆಕ್ಕ ಹಾಕಲಿ. ಹೊಲಿಗೆಯ ಅಕ್ಕನ ಲೆಕ್ಕ ಹೀಗೆ ಇಡಬಹುದು. ಬ್ಲೌಸಿಗೆ 150 ರೂಪಾಯಿ, ದಿನಕ್ಕೆ ನಾಲ್ಕು, ತಿಂಗಳಿಗೆ 26 ದಿನ: 15,600. ದಾರ, ಹುಕ್ಕು, ಒಳಬಟ್ಟೆ ಬ್ಲೌಸಿಗೆ 20ರಂತೆ 2,080. ಅಂಗಡಿ ಬಾಡಿಗೆ, ಕರೆಂಟು 1,500. ಮಷಿನ್ 12,000ದ್ದು, ಐದು ವರ್ಷ ಬಾಳಿಕೆ ಎಂದರೆ ತಿಂಗಳಿಗೆ 200. ಉಳಿಯುವುದು 11,820. ಈಗ ಆಷಾಢ ಬಂತು, ಮದುವೆ ಇಲ್ಲ, ದಿನಕ್ಕೆ ಎರಡೇ ಬ್ಲೌಸು. ಮಕ್ಕಳು ಥಟ್ಟನೆ 5,910 ಎನ್ನುತ್ತಾರೆ. ಲೆಕ್ಕ ಮಾಡಿದರೆ 5,060. ಕೆಲಸ ಅರ್ಧವಾದರೆ ಉಳಿಕೆ ಅರ್ಧಕ್ಕಿಂತ ಕೆಳಗೆ ಯಾಕೆ ಇಳಿಯಿತು ಎಂಬ ಪ್ರಶ್ನೆಗೆ ಒಂದು ಇಡೀ ಅವಧಿ ಕೊಡಬಹುದು. ಬಾಡಿಗೆಗೆ ಆಷಾಢ ಇಲ್ಲ ಎಂಬುದು ಅವರ ಬಾಯಿಂದಲೇ ಬರುವ ತನಕ ನಾನು ಸುಮ್ಮನಿರುತ್ತೇನೆ. ಸ್ವಂತ ಉದ್ಯೋಗ, ತಿಂಗಳ ಸಂಬಳ, ದಿನಗೂಲಿ ಈ ಮೂರರ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ.

ಕೆಲಸದ ಜಾಗಕ್ಕೆ ಕರೆದೊಯ್ಯುವಾಗ ಕಾನೂನು ನೆನಪಿರಲಿ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ 14 ತುಂಬದ ಮಕ್ಕಳನ್ನು ಹೊರಗಿನ ಯಾವ ಕೆಲಸಕ್ಕೂ ಹಚ್ಚುವಂತಿಲ್ಲ. ಹಾಗಾಗಿ ನೋಡುವುದು, ಕೇಳುವುದು, ಬರೆಯುವುದು ಅಷ್ಟೇ. ‘ಒಂದೀಟು ಕೈ ಹಚ್ಚಲಿ ಬಿಡ್ರಿ’ ಎಂದು ಮಾಲೀಕರು ಪ್ರೀತಿಯಿಂದ ಹೇಳಿದರೂ ಬೇಡ. ಒಂದು ಗುಂಪಿಗೆ ಎಂಟು-ಹತ್ತು ಮಕ್ಕಳು, ಒಬ್ಬ ಶಿಕ್ಷಕರು, ಪಾಲಕರ ಸಹಿ. ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರುವಾಗ ಎಲ್ಲರೂ ಬೆನ್ನು ತಿರುಗಿಸಬೇಕು, ಕಾಲಿಗೆ ಮುಚ್ಚಿದ ಚಪ್ಪಲಿ ಅಥವಾ ಬೂಟು ಬೇಕು. ಸಂತೆಯ ದಿನ ಹೋದರೆ ಯಾರೂ ಮಾತಾಡಿಸುವುದಿಲ್ಲ. ಇನ್ನೊಂದು ತೊಡಕೆಂದರೆ, ಮಾಲೀಕರು ತಾವೇ ಮುಂದೆ ನಿಂತು ತಮ್ಮ ಕಥೆ ಶುರು ಮಾಡಿಬಿಡುತ್ತಾರೆ. ‘ಒಂದು ಗೇಟು ಶುರುವಿಂದ ಕೊನೇ ತನಕ ಹೆಂಗ ಆಗ್ತದ ತೋರಸ್ರಿ ಅಣ್ಣಾರ’ ಎಂದು ಕೇಳಿದರೆ ಕೆಲಸಗಾರರು ಮುಂದೆ ಬರುತ್ತಾರೆ.

ದಾರಿಗಳ ಪಾಠಕ್ಕೆ ಅಂಗಳ ಸಾಕು. ಸುಣ್ಣದಲ್ಲಿ ಮನೆಗಳನ್ನು ಬರೆದು, ಒಂದು ಮನೆ ಎಂದರೆ ಒಂದು ವರ್ಷ ಎಂದು ನಡೆಸುತ್ತೇನೆ. ಎಸ್‌ಎಸ್‌ಎಲ್‌ಸಿ ಮುಗಿದಲ್ಲಿಂದ ಕವಲು ಒಡೆಯುತ್ತದೆ: ಪಿಯುಸಿ ಎರಡು ಮನೆ, ಐಟಿಐ ವೆಲ್ಡರ್ ಒಂದು, ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಎರಡು, ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು, ಕೃಷಿ ವಿಶ್ವವಿದ್ಯಾಲಯದ ಕೃಷಿ ಡಿಪ್ಲೊಮಾ ಎರಡು. ನಂತರ ಮೂವರು ಮಕ್ಕಳು ಒಂದೇ ಜಾಗದಿಂದ ಬಿಇ ಕಡೆ ಹೊರಡುತ್ತಾರೆ. ಪಿಯುಸಿಯವನಿಗೆ ಎರಡು ಮತ್ತು ನಾಲ್ಕು, ಆರು ಹೆಜ್ಜೆ. ಡಿಪ್ಲೊಮಾದವಳು ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರುವುದರಿಂದ ಮೂರು ಮತ್ತು ಮೂರು, ಅವಳದೂ ಆರು. ಎರಡು ವರ್ಷದ ಐಟಿಐ ಮುಗಿಸಿದವನು ಡಿಪ್ಲೊಮಾ ಎರಡನೇ ವರ್ಷಕ್ಕೆ, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ ಹೋದರೆ ಎರಡು, ಎರಡು, ಮೂರು: ಏಳು ಹೆಜ್ಜೆ. ‘ಐಟಿಐಗೆ ಹೋದ್ರ ಮುಗೀತು’ ಎನ್ನುವ ಪಾಲಕರನ್ನೂ ಇದೇ ಮನೆಗಳಲ್ಲಿ ನಡೆಸಬೇಕು. ಹಾಗಂತ ಎಲ್ಲ ಬಾಗಿಲೂ ತೆರೆದೇ ಇರುತ್ತವೆ ಎಂದು ಹೇಳಿಬಿಟ್ಟರೆ ಅದೂ ತಪ್ಪು. ಪಿಯುಸಿಯಲ್ಲಿ ವಿಜ್ಞಾನ ಬಿಟ್ಟವರು ಎಂಬಿಬಿಎಸ್‌ಗೆ ಹೋಗಲಾಗುವುದಿಲ್ಲ. ಕಾನೂನು, ಸಿಎ, ಕೆಎಎಸ್‌ಗೆ ಮಾತ್ರ ಯಾವ ವಿಭಾಗವಾದರೂ ಅಡ್ಡಿಯಿಲ್ಲ.

ಕಾಗದಪತ್ರದ ಕೆಲಸಕ್ಕೆ ಯಾರಿಗೂ ಉತ್ಸಾಹವಿರುವುದಿಲ್ಲ, ನಷ್ಟ ಆಗುವುದು ಅಲ್ಲೇ. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಎರಡಕ್ಕೂ 1ರಿಂದ 10ನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೆ ಓದಿರಬೇಕು. ಎಂಟನೇ ತರಗತಿಗೆ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವವರು ಹಾಕಲಿ, ಆದರೆ ಎರಡನ್ನೂ ಬಿಟ್ಟುಕೊಡುತ್ತಿದ್ದೇವೆ ಎಂದು ತಿಳಿದು ಹಾಕಲಿ. ಎಂಟನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇನ್ನೊಂದು. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿದ್ದರೆ, 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಬೌದ್ಧಿಕ ಸಾಮರ್ಥ್ಯದ್ದೊಂದು, ಪಠ್ಯವಿಷಯದ್ದೊಂದು ಪತ್ರಿಕೆ, ತಲಾ 90 ಪ್ರಶ್ನೆ, 90 ನಿಮಿಷ. ಬರೆಯಲು ಏಳನೇ ತರಗತಿಯಲ್ಲಿ ಶೇ. 55 (ಪರಿಶಿಷ್ಟರಿಗೆ ಶೇ. 50) ಬೇಕಾಗಿರುವುದರಿಂದ ತಯಾರಿ ಏಳರಲ್ಲೇ. ಪಾಸಾದ ಮೇಲೂ ಹಣ ನಿಲ್ಲುವುದು ಹೆಸರಿನ ಅಕ್ಷರದಿಂದ: ದಾಖಲಾತಿ ಪುಸ್ತಕ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಇನಿಷಿಯಲ್ ಸಮೇತ ಒಂದೇ ಹೆಸರಿರಬೇಕು. ನಾನು ಆರನೇ ತರಗತಿಯಲ್ಲೇ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರಕ್ಕೂ ಅರ್ಜಿ ಆಗಲೇ.

ಊರಲ್ಲಿ ಏಳನೇ ತರಗತಿವರೆಗೆ ಮಾತ್ರ ಶಾಲೆ ಇದ್ದರೆ ಹೆಣ್ಣುಮಕ್ಕಳ ಯೋಜನೆ ಬಸ್ಸಿನ ವೇಳೆಯಿಂದ ಆರಂಭವಾಗಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿದೆ, ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ಎಷ್ಟು ಹೊತ್ತಿಗೆ ಎಂಬ ಚಿಂತೆ ತಪ್ಪಿಲ್ಲ. ಪಾಲಕರ ಸಭೆಯಲ್ಲಿ ಮೊದಲು ಈ ಮಾತೆತ್ತುತ್ತೇನೆ. ಒಂದೇ ಊರಿಗೆ ಹೋಗುವ ನಾಲ್ವರು ಹುಡುಗಿಯರ ತಾಯಂದಿರನ್ನು ಒಟ್ಟಿಗೆ ಕೂರಿಸಿದರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ. ಸಭೆ ಸುಗ್ಗಿಯಲ್ಲಿ ಬೇಡ, ಹಗಲಲ್ಲೂ ಬೇಡ.

ಪ್ರತಿ ಮಗುವಿಗೂ ಒಂದು ಕಡತ. ಅದರಲ್ಲಿ ‘ನನ್ನ ಗುರಿ’ ಎಂಬ ಹಾಳೆ ಇಲ್ಲ. ನೋಡಿದ ಕೆಲಸ, ಅದರಲ್ಲಿ ಹಿಡಿಸಿದ್ದು, ಹಿಡಿಸದ್ದು, ಇನ್ನೂ ಕೇಳಬೇಕಾದದ್ದು ಎಂದು ನಾಲ್ಕು ಕಾಲಂ. ‘ಹಿಡಿಸದ್ದು’ ಖಾಲಿ ಬಿಟ್ಟರೆ ಹಾಳೆ ವಾಪಸ್, ಏಕೆಂದರೆ ಆಸಕ್ತಿಯ ಸುಳಿವು ಹೆಚ್ಚಾಗಿ ಸಿಗುವುದು ಅಲ್ಲೇ: ಒಬ್ಬಳಿಗೆ ಗದ್ದಲ ಆಗದು, ಇನ್ನೊಬ್ಬನಿಗೆ ಕೂತೇ ಇರುವುದು ಆಗದು. ಬೆರಳಚ್ಚು ನೋಡಿ ಮಗುವಿನ ವೃತ್ತಿ ಹೇಳುತ್ತೇವೆ ಎಂದು ಬರುವವರಿಗೆ ಗೇಟಿನಿಂದಲೇ ನಮಸ್ಕಾರ; ಅದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಟಿಸಿ ಕೊಡುವ ದಿನ ಕಡತದ ಒಂದು ಪ್ರತಿ ಮಗುವಿನ ಕೈಗೆ, ಇನ್ನೊಂದು ಹೈಸ್ಕೂಲಿನ ತರಗತಿ ಶಿಕ್ಷಕರಿಗೆ. ಮೇಲಿನ ಹಾಳೆಯಲ್ಲಿ ಎನ್‌ಎಂಎಂಎಸ್ ಅರ್ಜಿ, ಪ್ರಮಾಣಪತ್ರಗಳು, ಬ್ಯಾಂಕ್ ಖಾತೆ ಇವುಗಳಲ್ಲಿ ಬಾಕಿ ಇರುವುದಕ್ಕೆ ಕೆಂಪು ಶಾಯಿಯ ಗುರುತು ಹಾಕಿ ಕಳಿಸುತ್ತೇನೆ.