ಸಿಗರೇಟು, ವೇಪ್ ಎರಡನ್ನೂ ಬಳಸುವ ಹದಿಹರೆಯದವರನ್ನು ನಿಕೋಟಿನ್‌ನಿಂದ ಬಿಡಿಸುವುದು ಹೇಗೆ?

ಮಗ ಅಥವಾ ಮಗಳು ಸಿಗರೇಟು ಸೇದುತ್ತಿದ್ದಾರೆ, ಜೊತೆಗೆ ವೇಪ್ (ನಿಕೋಟಿನ್ ದ್ರವವನ್ನು ಬಿಸಿಮಾಡಿ ಆವಿಯಾಗಿಸುವ ಇ-ಸಿಗರೇಟು) ಕೂಡ ಎಳೆಯುತ್ತಿದ್ದಾರೆ ಎಂದು ತಿಳಿದಾಗ ಹಿರಿಯರು ಸಾಮಾನ್ಯವಾಗಿ ಮೊದಲು ಕೇಳುವುದು “ದಿನಕ್ಕೆ ಎಷ್ಟು ಸಿಗರೇಟು?” ಎಂದು. “ಎರಡೋ ಮೂರೋ” ಎಂಬ ಉತ್ತರ ನಿಜವೇ ಆಗಿದ್ದರೂ ಅದರಿಂದ ಚಟದ ಆಳ ತಿಳಿಯುವುದಿಲ್ಲ, ಏಕೆಂದರೆ ಒಂದು ಸಿಗರೇಟಿಗೂ ಇನ್ನೊಂದಕ್ಕೂ ನಡುವಿನ ಹೊತ್ತನ್ನು ವೇಪ್ ತುಂಬಿರುತ್ತದೆ. ಮಿದುಳಿಗೆ ಬೇಕಾಗಿರುವುದು ನಿಕೋಟಿನ್. ಅದು ಯಾವ ದಾರಿಯಿಂದ ಬಂತು ಎಂಬುದು ಅದಕ್ಕೆ ಮುಖ್ಯವಲ್ಲ. ಆದ್ದರಿಂದ ಎರಡನ್ನೂ ಒಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಮೊದಲ ಕೆಲಸ.

ಒಂದು ಸಿಗರೇಟಿನಿಂದ ದೇಹಕ್ಕೆ ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿಲಿಗ್ರಾಂ, ಮತ್ತು ಸಿಗರೇಟು ಉರಿದು ಮುಗಿಯುತ್ತದೆ. ವೇಪಿಗೆ ಅಂಥ ಕೊನೆಯಿಲ್ಲ. ದಿನವಿಡೀ ಆಗಾಗ ಒಂದೊಂದು ದಮ್ಮು ಎಳೆಯುತ್ತಿದ್ದರೆ ಎಷ್ಟಾಯಿತೆಂಬುದು ಎಳೆದವರಿಗೇ ತಿಳಿದಿರುವುದಿಲ್ಲ. ಹಾಗಾಗಿ ಸಾಧನದ ಮೇಲಿನ ಬರಹವನ್ನು ಓದಿ. ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ ಎಂದಿದ್ದು, ಒಳಗೆ 2 ಮಿಲಿಲೀಟರ್ ದ್ರವವಿದ್ದರೆ ಅದರಲ್ಲಿರುವ ನಿಕೋಟಿನ್ ಒಟ್ಟು 40 ಮಿಲಿಗ್ರಾಂ. ಅದು ಎಷ್ಟು ದಿನಕ್ಕೆ ಖಾಲಿಯಾಗುತ್ತದೆ ಎಂದು ಕೇಳಿ. ಇದಕ್ಕಿಂತ ಬಹಳ ಗಾಢವಾದ ದ್ರವಗಳೂ ಇವೆ. ಅವುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ನಿಕೋಟಿನ್ ಲವಣ (ಆಮ್ಲ ಸೇರಿಸಿದ ನಿಕೋಟಿನ್) ಗಂಟಲಿಗೆ ಅಷ್ಟಾಗಿ ಒರಟೆನಿಸದ ಕಾರಣ, ಹೊಸಬರು ಕೂಡ ಹೆಚ್ಚು ಕೆಮ್ಮದೆ ಹೆಚ್ಚಿನ ಪ್ರಮಾಣವನ್ನು ಒಳಗೆಳೆದುಕೊಳ್ಳಬಲ್ಲರು.

ಎಣಿಕೆಗಿಂತ ಹೆಚ್ಚಿನದನ್ನು ಹೇಳುವುದು ಬೆಳಗಿನ ಹೊತ್ತು. ಎದ್ದ ಎಷ್ಟು ಹೊತ್ತಿಗೆ ಮೊದಲ ದಮ್ಮು ಬೇಕಾಗುತ್ತದೆ? ಅರ್ಧ ಗಂಟೆಯೊಳಗೆ ಎಂದಾದರೆ ಅವಲಂಬನೆ ಬಲವಾಗಿದೆ ಎಂದು ತಿಳಿಯಬೇಕು. 5 ನಿಮಿಷದೊಳಗೆ ಎಂದಾದರೆ ಇನ್ನೂ ಬಲವಾಗಿದೆ. ಈ ಪ್ರಶ್ನೆಯನ್ನು ಸಿಗರೇಟಿಗೊಮ್ಮೆ, ವೇಪಿಗೊಮ್ಮೆ ಬೇರೆಯಾಗಿಯೇ ಕೇಳಬೇಕು, ಏಕೆಂದರೆ ಮೊದಲ ಸಿಗರೇಟನ್ನು ಸಂಜೆ ಹಚ್ಚುವ ಹುಡುಗ ಹಾಸಿಗೆಯಲ್ಲಿ ಕಣ್ಣು ಬಿಡುತ್ತಲೇ ದಿಂಬಿನ ಕೆಳಗೆ ಕೈಹಾಕಿ ವೇಪ್ ಹುಡುಕುತ್ತಿರಬಹುದು. ರಾತ್ರಿ ಎಚ್ಚರವಾಗಿ ಎಳೆಯುವುದು, ತರಗತಿ ಮುಗಿಯುವವರೆಗೆ ಕಾಯಲಾಗದೆ ಶೌಚಾಲಯಕ್ಕೆ ಹೋಗುವುದು, ಬಿಡಬೇಕೆಂದು ಹೊರಟು ಬಿಡಲಾಗದಿರುವುದು, ಇವುಗಳಲ್ಲಿ ಒಂದೇ ಇದ್ದರೂ ಹಗುರವಾಗಿ ಕಾಣಬಾರದು. ದಿನವೂ ಸೇದದ ಮಕ್ಕಳಲ್ಲಿಯೂ ಹಿಡಿತ ತಪ್ಪಿರುವುದುಂಟು. ಬೆಳೆಯುತ್ತಿರುವ ಮಿದುಳು ನಿಕೋಟಿನ್‌ಗೆ ಬೇಗ ಒಗ್ಗಿಕೊಳ್ಳುತ್ತದೆ. ಇದನ್ನು ಮಗುವಿನ ಮನೋಬಲದ ಕೊರತೆ ಎಂದು ಕಂಡು ಗದರಿಸುವುದರಿಂದ ಸಿಗುವುದು ಸುಳ್ಳು ಉತ್ತರ ಮಾತ್ರ.

ಬಿಡುವ ದಿನವನ್ನು ಮಗುವೇ ಆರಿಸಲಿ, ಆದರೆ ಸಾಧ್ಯವಾದಷ್ಟು ಮಟ್ಟಿಗೆ ಎರಡಕ್ಕೂ ಅದೇ ದಿನವಿರಲಿ. ಒಂದನ್ನು ಮಾತ್ರ ಬಿಟ್ಟರೆ ಇನ್ನೊಂದರ ಬಳಕೆ ಸದ್ದಿಲ್ಲದೆ ಏರಬಹುದು. ಎರಡನ್ನೂ ಒಮ್ಮೆಗೇ ಬಿಡಲು ಸಾಧ್ಯವೇ ಇಲ್ಲವೆಂದಾದರೆ ಉರಿಯುವ ಸಿಗರೇಟು ಮೊದಲು ಹೋಗಬೇಕು, ಏಕೆಂದರೆ ಟಾರು ಮತ್ತು ಕಾರ್ಬನ್ ಮೋನಾಕ್ಸೈಡಿನ ದೊಡ್ಡ ಹಾನಿ ಬರುವುದು ಅದರ ಹೊಗೆಯಿಂದ. ಆಗಲೂ ವೇಪ್ ಬಿಡುವ ದಿನವನ್ನು ಅಂದೇ ಬರೆದಿಡಬೇಕು. ಹಿಂದಿನ ರಾತ್ರಿ ಲೈಟರ್, ಚಾರ್ಜರ್, ಅರ್ಧ ಉಳಿದ ಪಾಡ್ (ವೇಪಿನ ದ್ರವ ತುಂಬಿದ ಪುಟ್ಟ ಡಬ್ಬಿ) ಎಲ್ಲವನ್ನೂ ಚೀಲ, ಜೇಬು, ಮೇಜಿನ ಖಾನೆಗಳಿಂದ ತೆಗೆಸಿ. ಉಳಿದ ದ್ರವ ಚಿಕ್ಕ ಮಕ್ಕಳಿಗೆ ವಿಷವಾದ್ದರಿಂದ ಅದನ್ನು ತೆರೆದ ಬುಟ್ಟಿಗೆ ಎಸೆಯಬಾರದು.

ಬಿಟ್ಟ ಕೆಲವು ಗಂಟೆಗಳಲ್ಲಿಯೇ ಸಿಡುಕು, ಚಡಪಡಿಕೆ, ಏಕಾಗ್ರತೆಯ ಕೊರತೆ, ನಿದ್ದೆಗೇಡು, ಹೆಚ್ಚಿದ ಹಸಿವು ಕಾಣಿಸಿಕೊಳ್ಳುತ್ತವೆ. ಎರಡು ಮೂರನೆಯ ದಿನ ಇವು ತೀವ್ರವಾಗಿದ್ದು, ಸಾಮಾನ್ಯವಾಗಿ 2ರಿಂದ 4 ವಾರಗಳಲ್ಲಿ ಇಳಿಯುತ್ತವೆ. ಆ ಮೊದಲ ದಿನಗಳಲ್ಲಿ ಪರೀಕ್ಷೆ ಇರದಂತೆ ದಿನವನ್ನು ಆರಿಸುವುದು ಒಳ್ಳೆಯದು. ಮನೆಯವರೂ ಆ ಸಿಡುಕನ್ನು ಉದ್ಧಟತನವೆಂದು ತಿಳಿಯದೆ ತಾಳಿಕೊಳ್ಳಬೇಕು. ಒಂದೊಂದು ಸಲದ ತುಡಿತ ಕೆಲವೇ ನಿಮಿಷಗಳದ್ದು. ಆ ಹೊತ್ತಿಗೆ ಜಾಗ ಬಿಟ್ಟು ಏಳುವುದು, ನೀರು ಕುಡಿಯುವುದು, ಮೊದಲೇ ಮಾತಾಡಿಕೊಂಡ ಒಬ್ಬರಿಗೆ ಫೋನ್ ಮಾಡುವುದು ಸಾಕಾಗುತ್ತದೆ.

ವೈದ್ಯರ ಬಳಿ ಎರಡರ ಬಳಕೆಯನ್ನೂ ಹೇಳಲೇಬೇಕು. ಉಸಿರಿನ ಕಾರ್ಬನ್ ಮೋನಾಕ್ಸೈಡ್ ಪರೀಕ್ಷೆ ಸಿಗರೇಟನ್ನು ತೋರಿಸೀತೇ ಹೊರತು ವೇಪನ್ನಲ್ಲ. ಮೂತ್ರ ಅಥವಾ ಎಂಜಲಿನ ಕೊಟಿನಿನ್ (ದೇಹದಲ್ಲಿ ನಿಕೋಟಿನ್ ಒಡೆದು ಆಗುವ ವಸ್ತು) ಪರೀಕ್ಷೆ ನಿಕೋಟಿನ್ ಇದೆ ಎಂದಷ್ಟೇ ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಚಟ ಬಿಡುವಾಗಿನ ತುಡಿತ ತಗ್ಗಿಸಲು ಬಳಸುವ ನಿಕೋಟಿನ್ ಪಟ್ಟಿ (ಚರ್ಮಕ್ಕೆ ಅಂಟಿಸುವಂಥದ್ದು), ಗಮ್ ಮುಂತಾದವನ್ನು 18ರ ಒಳಗಿನವರಿಗೆ ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಅದು ವೈದ್ಯರ ಸಲಹೆಯಲ್ಲಿಯೇ ಆಗಬೇಕು. ಖಿನ್ನತೆ ವಾರಗಳಾದರೂ ಇಳಿಯದಿದ್ದರೆ ಅಥವಾ ಬದುಕು ಬೇಡವೆಂಬ ಮಾತು ಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು.

ನಡುವೆ ಮತ್ತೆ ಸೇದಿದರೆ ಯಾವುದನ್ನು, ಎಲ್ಲಿ, ಯಾರ ಜೊತೆ ಎಂದು ಬರೆದಿಟ್ಟು, ಆ ಜಾಗ ಮತ್ತು ಆ ಹೊತ್ತಿಗೆ ಬೇರೆ ಏರ್ಪಾಡು ಮಾಡಿ, ಮರುದಿನ ಬೆಳಗಿನಿಂದಲೇ ಬಿಡುವ ಪ್ರಯತ್ನವನ್ನು ಮುಂದುವರಿಸಿ.