ಒಣಗಿದ ತೆಂಗಿಗೆ 16 ಇಂಚಿನ ಚೈನ್ ಸಾ ಮಷೀನು ಸಾಕಾಯ್ತು: ನನ್ನ ಅನುಭವ

ಗುಬ್ಬಿ ಹತ್ರ ನಮ್ಮ ತೋಟದಲ್ಲಿ ಸುಳಿ ಬಿದ್ದು ಒಣಗಿ ನಿಂತಿದ್ದ ತೆಂಗಿನ ಮರ 23, ಬದುವಿನ ಮೇಲೆ ಸತ್ತ ಹುಣಸೆ ಒಂದು. ಕುಯ್ಯೋರನ್ನ ಕೇಳಿದ್ರೆ ಮರಕ್ಕೆ 700-800 ಅಂದ್ರು, ಸೌದೆ ತುಂಡು ಮಾಡೋಕೆ ಬೇರೆ ರೇಟು. ಸರಿ ನಾವೇ ಮರ ಕುಯ್ಯೋ ಚೈನ್ ಸಾ ಮಷೀನು ತಗೊಳೋಣ ಅಂತ ಹೊರಟೆ.

ಮೊದ್ಲು ಎಲ್ಲರ ಮಾತು ಕೇಳಿ 58 ಸಿಸಿ, 22 ಇಂಚು ಬಾರ್ (ಚೈನು ಸುತ್ತೋ ಉದ್ದನೆ ಅಲಗು) ಇರೋದು ಆನ್‌ಲೈನಲ್ಲಿ ತರಿಸ್ದೆ, 7 ಸಾವಿರ ಇರ್ಬೇಕು. ಮೂರನೇ ವಾರಕ್ಕೇ ಜಾಮ್. ತಪ್ಪು ನಂದೇ ಬಿಡಿ, ಲೀಟರ್ ಪೆಟ್ರೋಲಿಗೆ 40 ಎಮ್ಮೆಲ್ ಆಯಿಲ್ ಹಾಕು ಅಂತ ಅದ್ರ ಮೇಲೇ ಬರೆದಿತ್ತು, ನಾನು ಗಾಡಿಗೆ ಹಾಕೋ 2ಟಿ ಆಯಿಲ್ 20 ಎಮ್ಮೆಲ್ ಹಾಕ್ಕೊಂಡು ಓಡಿಸ್ತಿದ್ದೆ, ಪಿಸ್ಟನ್ ಗೆರೆ ಬಿತ್ತು. ರಿಪೇರಿಗೆ 2,600. ಆಮೇಲೂ ಸರಿಹೋಗ್ಲಿಲ್ಲ, ಕೊನೆಗೆ ಗುಜರಿಗೆ ಹೋಯ್ತು. ಮಧ್ಯೆ ಕರೆಂಟ್ ಮಷೀನೂ ನೋಡ್ದೆ, ತೋಟದ ತುದಿಗೆ ವೈರ್ ಎಳೆದ್ರೆ ವೋಲ್ಟೇಜ್ ಸಾಲದೆ ಗೊರ ಗೊರ ಅಂತ ನಿಂತೋಗ್ತಿತ್ತು.

ಆಮೇಲೆ ತಂದಿದ್ದೇ 45 ಸಿಸಿ, 16 ಇಂಚು, ಹತ್ರತ್ರ 30 ಸಾವಿರ. ಭಾಮೈದ ನೋಡಿ "ಏನ್ ಭಾವ, ಇದ್ರಲ್ಲಿ ಮರ ಬೀಳಿಸ್ತೀರೋ ಹಲಸಿನಹಣ್ಣು ಕುಯ್ತೀರೋ" ಅಂದ. ನಗ್ಲಿ. ಬುಡದ ಬೊಡ್ಡೆ ಬಿಟ್ಟು ಮೇಲೆ ಕುಯ್ದ್ರೆ ತೆಂಗು ಒಂದಡಿ ದಪ್ಪ, ಅದಕ್ಕೆ 22 ಇಂಚು ಯಾಕೆ, ತೋಳು ಬಿದ್ದೋಗುತ್ತೆ ಅಷ್ಟೇ.

ತೆಂಗಲ್ಲಿ ತೊಂದ್ರೆ ಕೊಡೋದು ಬಾರ್ ಅಲ್ಲ, ಚೈನಿನ ಹಲ್ಲು. ಹೊರಗಡೆ ಕಲ್ಲು, ಒಳಗಡೆ ಬೆಂಡು. ಸಿಪ್ಪೇಲಿರೋ ಮಣ್ಣು ಮಚ್ಚಲ್ಲಿ ಕೆತ್ತಿ ತೆಗೆದೇ ಚೈನು ಇಡ್ತೀನಿ. ಒಂದು ಟ್ಯಾಂಕ್ ಮುಗಿದ ತಕ್ಷಣ 4.8 ಎಮ್ಮೆಮ್ ರೌಂಡ್ ಅರ ಹಿಡ್ದು ಹಲ್ಲಿಗೆ ಎರಡು ಮೂರು ಎಳೆತ. ಚಕ್ಕೆ ಬಂದ್ರೆ ಸರಿ, ಹಿಟ್ಟು ಬಂತು ಅಂದ್ರೆ ನಿಲ್ಲಿಸಿ. ಕೋನ ಎಷ್ಟು ಇಡ್ತೀನಿ ಅಂತ ಕೇಳ್ಬೇಡಿ, ಮೂರು ಚೈನು ಹಾಳು ಮಾಡ್ಕೊಂಡು ಕಲ್ತಿದ್ದು ಅದು.

ನಾಲ್ಕನೇ ಮರ ನನಗೆ ಬುದ್ಧಿ ಕಲಿಸ್ತು. ಹಸಿ ಮರದ ಥರ ಹಿಂದಿನ ಕಚ್ಚಿಗೂ ಮುಂದಿನ ಕಚ್ಚಿಗೂ ಮಧ್ಯೆ ಕುಯ್ಯದೆ ಒಂದು ಪಟ್ಟಿ ಬಿಟ್ಟಿದ್ದೆ, ಒಣಮರದಲ್ಲಿ ಅದು ಪಟ್ ಅಂತ ಮುರಿದು ಮರ ತಿರುಗಿ ಡ್ರಿಪ್ ಪೈಪ್ ಮೇಲೇ ಬಿತ್ತು, 1,800 ಗೋತ. ಅಲ್ಲಿಂದ ಹಗ್ಗ ಕಟ್ಟದೆ ಮಷೀನು ಸ್ಟಾರ್ಟೇ ಮಾಡಲ್ಲ. ಮೊದ್ಲು ಕೊಡಲಿ ಹಿಂಭಾಗದಲ್ಲಿ ತಟ್ಟಿ ನೋಡ್ತೀನಿ, ಡಬ್ ಡಬ್ ಅಂದ್ರೆ ಒಳಗೆ ಟೊಳ್ಳು, ಅಂಥದ್ದನ್ನ ಟ್ರಾಕ್ಟರ್‌ಗೆ ಕಟ್ಟಿ ದೂರದಿಂದ ಎಳೆಸೋದು.

ಚೈನ್ ಆಯಿಲ್ ದುಡ್ಡು ಉಳಿಸೋಕೆ ಮನೇಲಿದ್ದ ಕಮಟು ಕೊಬ್ಬರಿ ಎಣ್ಣೆ ಹಾಕಿ ನೋಡ್ದೆ. ಬಿಸಿಲಲ್ಲಿ ಸೂಪರ್, ಘಮ ಘಮ ಬೇರೆ. ಡಿಸೆಂಬರ್ ಬೆಳಗ್ಗೆ ನೋಡಿದ್ರೆ ಟ್ಯಾಂಕಲ್ಲೇ ಗಟ್ಟಿಯಾಗಿ ಕೂತಿತ್ತು, ಬಾರ್ ಹೊಗೆ ಬಿಡ್ತು. ಕೈ ಬಿಟ್ಟೆ.

23 ಮರಾನೂ ಮುಗೀತು, ಪೆಟ್ರೋಲು 30-35 ಲೀಟರ್ ಆಗಿರ್ಬೋದು. ಹುಣಸೆ ಬುಡ ಎರಡೂವರೆ ಅಡಿ, ಎರಡೂ ಕಡೆಯಿಂದ ಕುಯ್ದೆ, ಒಂದಿಡೀ ದಿನ ಹಿಡೀತು, ಐದು ಸಲ ಅರ ಹಾಕ್ದೆ. ಆ ಭಾನುವಾರ ಭಾಮೈದ ಬಂದು ಮಷೀನು ಎರಡು ದಿನಕ್ಕೆ ಬೇಕಿತ್ತು ಭಾವ ಅಂದ. ಕೊಟ್ಟೆ. ಪೆಟ್ರೋಲ್‌ಗೆ ಆಯಿಲ್ ಮಾತ್ರ ನಾನೇ ಅಳೆದು ಬೆರೆಸಿ ಕ್ಯಾನಲ್ಲಿ ಹಾಕಿ ಕೊಟ್ಟೆ.