ಪೆನ್ಸಿಲ್ ಹಿಡಿದು ಸ್ಕೀಮ್ ಕಲಿತದ್ದು

ಸ್ಕೀಮ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯೋಕೆ ನಾನು ಆರಿಸಿಕೊಂಡದ್ದು ‘ಸ್ಟ್ರಕ್ಚರ್ ಅಂಡ್ ಇಂಟರ್‌ಪ್ರಿಟೇಶನ್ ಆಫ್ ಕಂಪ್ಯೂಟರ್ ಪ್ರೋಗ್ರಾಮ್ಸ್’ ಪುಸ್ತಕ. ಮೊದಲು ಬಂದದ್ದು 1985ರಲ್ಲಿ, ನಾನು ಓದಿದ್ದು 1996ರ ಎರಡನೇ ಆವೃತ್ತಿ. ಪೈಥಾನ್ ಅನ್ನೋ ಇನ್ನೊಂದು ಭಾಷೆಯಲ್ಲಿ ಆರು ವರ್ಷ ಕೆಲಸ ಮಾಡಿದ್ದೆ, ಹಾಗಾಗಿ ಒಂದು ತಿಂಗಳು ಸಾಕು ಅಂದುಕೊಂಡಿದ್ದೆ. ಹನ್ನೊಂದು ತಿಂಗಳು ಹಿಡಿಯಿತು, ಅದೂ ಐದು ಅಧ್ಯಾಯಗಳಲ್ಲಿ ನಾಲ್ಕಕ್ಕೆ.

ಭಾಷೆ ಚಿಕ್ಕದು. ಅದರ ವ್ಯಾಕರಣ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಎಲ್ಲವೂ ಕಂಸದೊಳಗೆ, ಮಾಡಬೇಕಾದ ಕೆಲಸ ಮೊದಲು, ಅದಕ್ಕೆ ಬೇಕಾದದ್ದು ಆಮೇಲೆ. ಎರಡಕ್ಕೆ ಮೂರು ಕೂಡಿಸಬೇಕಾದರೆ (+ 2 3), ಅಷ್ಟೇ. ಕಷ್ಟ ಇರೋದು ಬೇರೆ ಕಡೆ. ವೇರಿಯಬಲ್‌ನಲ್ಲಿ, ಅಂದರೆ ಬೆಲೆಗೆ ಕೊಟ್ಟ ಹೆಸರಿನಲ್ಲಿ, ಇರೋದನ್ನು ಬದಲಿಸುವ ಸೌಲಭ್ಯವನ್ನು ಈ ಪುಸ್ತಕ ಮೂರನೇ ಅಧ್ಯಾಯದವರೆಗೆ ಹೇಳಿಕೊಡೋದೇ ಇಲ್ಲ. ದಿನವಿಡೀ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸೋ ಸಾಲುಗಳು) ಬರೆದು, ಎಣಿಕೆಗೆ ಒಂದೊಂದೇ ಸೇರಿಸುತ್ತಾ ಹೋಗೋ ಕೈಗೆ ಎರಡು ಅಧ್ಯಾಯ ಪೂರ್ತಿ ಅದಿಲ್ಲದೆ ಬರೆಯೋದು ತುಂಬಾ ಕಷ್ಟ.

ಮೊದಲ ಸಲ ಸುಮ್ನೆ ಓದಿಕೊಂಡು ಹೋದೆ. ಓದುವಾಗ ಎಲ್ಲಾ ಅರ್ಥ ಆಗ್ತಿತ್ತು. ಪುಸ್ತಕ ಮುಚ್ಚಿ, ಈಗಷ್ಟೇ ಓದಿದ ಪ್ರೋಗ್ರಾಂ ಬರೀತೀನಿ ಅಂತ ಕೂತರೆ ಮೂರನೇ ಸಾಲಿಗೇ ನಿಂತುಬಿಡುತ್ತಿದ್ದೆ. ಆಗ ಮತ್ತೆ ಒಂದನೇ ಪುಟಕ್ಕೆ ಹೋಗಿ ಒಂದು ನಿಯಮ ಹಾಕಿಕೊಂಡೆ: ಏನು ಉತ್ತರ ಬರುತ್ತೆ ಅಂತ ನೋಟ್‌ಬುಕ್‌ನಲ್ಲಿ ಬರೆಯೋವರೆಗೂ ಯಾವುದನ್ನೂ ರನ್ ಮಾಡೋ ಹಾಗಿಲ್ಲ. ಚಿಲ್ಲರೆ ಲೆಕ್ಕದ ಉದಾಹರಣೆಯಲ್ಲಿ ಅಮೆರಿಕದ ನಾಣ್ಯಗಳಲ್ಲಿ 11 ಸೆಂಟಿಗೆ ಚಿಲ್ಲರೆ ಕೊಡೋ ದಾರಿಗಳು ಬರೀ 4, ಆದರೆ ಅದಕ್ಕಾಗಿ ಫಂಕ್ಷನ್ (ಒಂದು ಕೆಲಸ ಮಾಡೋ ಪ್ರೋಗ್ರಾಂ ತುಣುಕು) ತನ್ನನ್ನೇ ಎಷ್ಟು ಸಲ ಕರೆಯುತ್ತೆ ಅನ್ನೋದನ್ನು ಮರದ ಕೊಂಬೆಗಳ ಹಾಗೆ ಬರೆಯೋಕೆ ನನಗೆ ಎರಡು ಹಾಳೆ ಬೇಕಾಯಿತು. ಅದನ್ನು ಕೈಯಲ್ಲಿ ಬರೆದ ಮೇಲೆ ರಿಕರ್ಶನ್, ಅಂದರೆ ಹೀಗೆ ತನ್ನನ್ನೇ ಕರೆಯೋದರ, ಬಗ್ಗೆ ಬೇರೆ ಯಾರೂ ವಿವರಿಸಬೇಕಾಗಿ ಬರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಮೊದಲ ಅಧ್ಯಾಯದ ವರ್ಗಮೂಲದ ಲೆಕ್ಕ. ಒಂದು ಊಹೆ ಇಟ್ಟುಕೊಳ್ಳಬೇಕು, ಸಂಖ್ಯೆಯನ್ನು ಅದರಿಂದ ಭಾಗಿಸಿ, ಬಂದದ್ದಕ್ಕೂ ಊಹೆಗೂ ಸರಾಸರಿ ತೆಗೆದರೆ ಅದು ಇನ್ನೂ ಒಳ್ಳೆಯ ಊಹೆ. 2ರ ವರ್ಗಮೂಲಕ್ಕೆ 1ರಿಂದ ಶುರು ಮಾಡಿದರೆ 1.5, ಆಮೇಲೆ 1.4167, ಆಮೇಲೆ 1.4142. ಮೂರೇ ಹೆಜ್ಜೆ! ಊಹೆಯ ವರ್ಗಕ್ಕೂ ಸಂಖ್ಯೆಗೂ ಇರೋ ವ್ಯತ್ಯಾಸ 0.001ಕ್ಕಿಂತ ಕಡಿಮೆ ಆದರೆ ಸಾಕು, ನಿಲ್ಲಿಸು ಅಂತ ಪ್ರೋಗ್ರಾಂ ಹೇಳುತ್ತೆ. ಅದಕ್ಕೇ 0.0001ರ ವರ್ಗಮೂಲ ಕೇಳಿದರೆ 0.01 ಬರಬೇಕಾದ ಕಡೆ 0.0323 ಬರುತ್ತೆ. ಯಾಕೆ ಅಂತ ಕಾಗದದ ಮೇಲೆ ನೀವೇ ಹಾಕಿ ನೋಡಿ, ಐದು ನಿಮಿಷದ ಕೆಲಸ.

ಇದೇ ಪ್ರೋಗ್ರಾಂ ಮೇಲೆ ಅಭ್ಯಾಸದ ಒಂದು ಪ್ರಶ್ನೆ ಇದೆ, 1.6. ಅದರಲ್ಲಿ ‘ಹೀಗಿದ್ದರೆ ಇದು, ಇಲ್ಲದಿದ್ದರೆ ಅದು’ ಅಂತ ಆರಿಸೋ, ಭಾಷೆಯಲ್ಲೇ ಇರೋ ‘ಇಫ್’ ಬದಲು ‘ನ್ಯೂ ಇಫ್’ ಅನ್ನೋ ಮಾಮೂಲಿ ಫಂಕ್ಷನ್ ಬರೆದು ವರ್ಗಮೂಲದ ಲೆಕ್ಕದಲ್ಲಿ ಹಾಕುತ್ತಾರೆ. ಏನಾಗುತ್ತೆ? ಏನೂ ವ್ಯತ್ಯಾಸ ಆಗಲ್ಲ ಅಂತ ನೋಟ್‌ಬುಕ್‌ನಲ್ಲಿ ಬರೆದೆ. ರನ್ ಮಾಡಿದರೆ ಎಂಐಟಿ ಸ್ಕೀಮ್ (ಸ್ಕೀಮ್ ಪ್ರೋಗ್ರಾಂ ರನ್ ಮಾಡೋ ತಂತ್ರಾಂಶ) ರಿಕರ್ಶನ್ ಮಿತಿ ಮೀರಿತು ಅಂತ ನಿಂತುಬಿಟ್ಟಿತು. ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದೆ. ಮೂರನೇ ದಿನ ಒಂದೊಂದೇ ಸಾಲು ಬಿಡಿಸಿ ಬರೆದಾಗ ಗೊತ್ತಾಯಿತು, ಮಾಮೂಲಿ ಫಂಕ್ಷನ್ನನ್ನು ಕರೆದರೆ ಅದಕ್ಕೆ ಕೊಟ್ಟಿದ್ದನ್ನೆಲ್ಲಾ ಮೊದಲೇ ಲೆಕ್ಕ ಹಾಕಿಬಿಡುತ್ತದೆ, ಅಂದರೆ ಉತ್ತರ ಸಿಕ್ಕಿದ್ದರೂ ಮುಂದಿನ ಊಹೆಯನ್ನೂ ಲೆಕ್ಕ ಹಾಕಲು ಹೋಗುತ್ತೆ, ಅಲ್ಲಿ ಮತ್ತೆ ನ್ಯೂ ಇಫ್, ಮತ್ತೆ ಮುಂದಿನ ಊಹೆ, ಹೀಗೆ ಕೊನೆಯೇ ಇಲ್ಲ.

ಎಲ್ಲಾ ಪ್ರಶ್ನೆಗಳನ್ನೂ ಮಾಡಬೇಕಾಗಿಲ್ಲ. ಫಿಬೊನಾಚಿ ಸಂಖ್ಯೆಗಳ ಬಗ್ಗೆ ಗಣಿತದ ಪುರಾವೆ ಕೇಳುವ ಪ್ರಶ್ನೆಯನ್ನು ಬಿಟ್ಟೆ, ಮುಂದೆ ಎಲ್ಲೂ ಅದರಿಂದ ತೊಂದರೆ ಆಗಲಿಲ್ಲ. ಒಂದು ಪ್ರಶ್ನೆಗೆ ಮೂರು ದಿನಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಗುರುತು ಹಾಕಿ ಮುಂದೆ ಹೋಗುತ್ತಿದ್ದೆ, ವಾಪಸ್ ಬಂದಾಗ ಅದರಲ್ಲಿ ಅರ್ಧದಷ್ಟು ಬಿಡಿಸೋಕೆ ಆಗುತ್ತಿತ್ತು.

ನಾಲ್ಕನೇ ಅಧ್ಯಾಯದಲ್ಲಿ ಸ್ಕೀಮ್ ಇಂಟರ್‌ಪ್ರಿಟರನ್ನು, ಅಂದರೆ ಸ್ಕೀಮ್ ಪ್ರೋಗ್ರಾಂ ಓದಿ ನಡೆಸೋ ಪ್ರೋಗ್ರಾಮನ್ನು, ಸ್ಕೀಮ್‌ನಲ್ಲೇ ಬರೆಯುತ್ತೇವೆ. ‘ಇಫ್’ ಬಂದಾಗ ಏನು ಮಾಡಬೇಕು ಅನ್ನೋ ಸಾಲು ಬರೆಯುವಾಗ ಕೈ ತಾನಾಗಿ ನಿಧಾನ ಆಯಿತು: ಷರತ್ತನ್ನು ಮಾತ್ರ ಮೊದಲು ಲೆಕ್ಕ ಹಾಕು, ನಿಜ ಆದರೆ ಇದನ್ನು, ಇಲ್ಲದಿದ್ದರೆ ಅದನ್ನು, ಎರಡನ್ನೂ ಅಲ್ಲ. ಹಳೆಯ ನೋಟ್‌ಬುಕ್ ತೆಗೆದು ನ್ಯೂ ಇಫ್ ಪ್ರೋಗ್ರಾಮನ್ನು ನನ್ನದೇ ಇಂಟರ್‌ಪ್ರಿಟರ್‌ಗೆ ಕೊಟ್ಟೆ. ನಿಲ್ಲೋದಿಲ್ಲ ಅಂತ ಈ ಸಲ ಮೊದಲೇ ಬರೆದಿಟ್ಟಿದ್ದೆ. ಹಾಗೇ ಆಯಿತು.